ಮಂಗಳೂರಿನ ಹಂಚಿನ ಆವಿಗೆ: ಎಣಿಕೆ ಮತ್ತು ಉರಿ

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರವು ಬಂದ ವರ್ಷವನ್ನೂ ಉತ್ಪನ್ನದ ಸಂಖ್ಯೆಯನ್ನೂ ಹೇಳಿ ತೃಪ್ತರಾಗುವರು. ಆದರೆ ಉತ್ಪಾದನೆಯಲ್ಲಿ ಸ್ವಭಾವತಃ ಭಿನ್ನವಾದ ಎರಡು ಬಗೆಯ ಕಾರ್ಯಗಳು ಬೆರೆತಿರುತ್ತವೆ. ಕೆಲವು ಒಂದೊಂದಾಗಿ ಎಣಿಸತಕ್ಕವು. ಕೆಲವು ಎಡೆಬಿಡದೆ ನಡೆಯತಕ್ಕವು. ಮೊದಲಿನವನ್ನು ವಿಚ್ಛಿನ್ನವೆಂದೂ ಎರಡನೆಯವನ್ನು ಅವಿಚ್ಛಿನ್ನವೆಂದೂ ಕರೆಯಬಹುದು. ಇವೆರಡನ್ನೂ ಒಂದೇ ಹತೋಟಿಗೆ ತರುವ ವಿಚಾರವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಿಯಂತ್ರಣಶಾಸ್ತ್ರದ ಪ್ರತ್ಯೇಕ ವಿಷಯವಾಯಿತು. ಸಮಸ್ಯೆಯಾದರೋ ಹಳೆಯದು, ಮಂಗಳೂರಿನ ಹಂಚಿನ ಕಾರ್ಖಾನೆಗಳೇ ಅದಕ್ಕೆ ನಿದರ್ಶನ.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಮತಾಂತರದಿಂದ ಕುಲವೃತ್ತಿಯನ್ನು ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವುದು ಮಿಷನ್ನಿನ ಉದ್ಯಮಗಳ ಉದ್ದೇಶಗಳಲ್ಲೊಂದಾಗಿದ್ದಿತು. ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣು, ಕಾಡಿನ ಸೌದೆ, ಜಲಮಾರ್ಗದ ಸಾಗಣೆ, ಈ ಮೂರೂ ಇಲ್ಲಿ ಒದಗಿದುವು. ಮುಂದೆ ದೇಶೀಯ ಉದ್ಯಮಿಗಳೂ ಈ ಕಸುಬನ್ನು ಕೈಗೊಂಡರು.

ಅಚ್ಚಿನಿಂದ ಹೊರಬರುವ ಹಂಚನ್ನು ಎಣಿಸಬಹುದು. ಅದರೊಳಗಿನ ತೇವವು ಆರುವುದನ್ನಾಗಲಿ, ಆವಿಗೆಯ ಕಾವು ಏರುವುದನ್ನಾಗಲಿ ಎಣಿಸಲಾಗದು. ಅವಸರದಲ್ಲಿ ಕಾಯಿಸಿದರೆ ಹಂಚು ಬಿರಿಯುವುದು, ಕಾವು ಸಾಲದಿದ್ದರೆ ನೀರು ಹೀರುವುದು, ಮಿತಿಮೀರಿದರೆ ಸೊಟ್ಟಾಗುವುದು. ಜರ್ಮನಿಯ ಫ್ರೀಡ್ರಿಖ್ ಹಾಫ್‌ಮನ್ನನು 1858ರಲ್ಲಿ ಹಕ್ಕುಪತ್ರ ಪಡೆದ ಆವಿಗೆಯು ಈ ತೊಡಕಿಗೆ ಜಾಣ್ಮೆಯ ಪರಿಹಾರವಾಗಿದ್ದಿತು. ಅದರಲ್ಲಿ ಕೋಣೆಗಳು ಸಾಲಾಗಿ ಸುತ್ತುವರಿದಿರುತ್ತವೆ. ಬೆಂಕಿಯು ಆರದೆ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಬೆಂದ ಸರಕಿನ ನಡುವೆ ಹಾದ ಗಾಳಿಯು ಬಿಸಿಯಾಗಿ ಉರಿಯನ್ನು ಸೇರುತ್ತದೆ. ಉರಿಯ ಹೊಗೆಯು ಮುಂದಿನ ಕೋಣೆಗಳ ಹಸಿ ಸರಕನ್ನು ಕಾಯಿಸುತ್ತದೆ. ಉರಿಯು ಅವಿಚ್ಛಿನ್ನ, ಕೋಣೆಯನ್ನು ತುಂಬುವುದು, ಮುಚ್ಚುವುದು, ತೆರೆಯುವುದು ವಿಚ್ಛಿನ್ನ. ಯಾವ ಕ್ಷಣದಲ್ಲಿ ಮುಂದಿನ ಕೋಣೆಗೆ ಉರಿಯನ್ನು ಕೊಡಬೇಕೆಂಬ ನಿರ್ಣಯವೇ ಇವೆರಡರ ಸಂಧಿ.

ಉಷ್ಣಮಾಪಕದ ನೆರವಿಲ್ಲದೆಡೆ ಆ ನಿರ್ಣಯವನ್ನು ಮಾಡಬೇಕಾಗಿದ್ದವನು ಉರಿಯ ಬಣ್ಣವನ್ನು ನೋಡಿ ಅರಿಯುವ ಕೆಲಸಗಾರ. ಇಲ್ಲಿಯೇ ಇತಿಹಾಸಕಾರನ ಹೊಣೆಯೂ ಇದೆ. ಲೆಕ್ಕದ ಪುಸ್ತಕವು ಹಂಚುಗಳ ಸಂಖ್ಯೆಯನ್ನು ಹೇಳೀತು. ಅವನ ಕಣ್ಣಿನ ಅರಿವನ್ನು ಹೇಳಲಾರದು. ಸಂಖ್ಯೆಯನ್ನೇ ನೆಚ್ಚಿ ಬರೆದ ಇತಿಹಾಸದಲ್ಲಿ ಕಾರ್ಖಾನೆಯ ಒಡೆಯನು ಉಳಿದು, ಆವಿಗೆಯನ್ನು ನಡೆಸಿದವನು ಅಳಿಯುವನು. ಕಾಂಕ್ರೀಟು ಮಾಡುಗಳು ಹೆಚ್ಚಿದಂತೆ ಈ ಊರಿನ ಅನೇಕ ಹಂಚಿನ ಕಾರ್ಖಾನೆಗಳು ಮುಚ್ಚಿವೆ. ಆವಿಗೆಯ ಮುಂದೆ ದುಡಿದ ಹಿರಿಯರು ಇರುವಾಗಲೇ ಅವರ ಮಾತನ್ನು ಕೇಳಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ, ಮಾಡಲೇಬೇಕಾದ ಸಂಶೋಧನೆಯಾಗಿದೆ.