ಹಸಿದ ಮಗು, ಮುಚ್ಚಿದ ಅನ್ನನಾಳ

ವೈದ್ಯಕೀಯ ಚರಿತ್ರೆಯ ಸಂಶೋಧನೆಗೆಂದು ಓದುವಾಗ ಥಾಮಸ್ ಗಿಬ್ಸನ್ ಎಂಬ ಇಂಗ್ಲಿಷ್ ವೈದ್ಯನ ಬರಹವೊಂದು ನನ್ನನ್ನು ತಡೆದು ನಿಲ್ಲಿಸಿತು. 1696ರಲ್ಲಿ ಆತ ನೋಡಿದ ಹಸುಗೂಸು ಚಮಚದಲ್ಲಿ ಕೊಟ್ಟದ್ದನ್ನು ಆಸೆಯಿಂದ ಬಾಯಿಗೆ ತೆಗೆದುಕೊಳ್ಳುತ್ತಿತ್ತು; ನುಂಗಲು ಹೋದರೆ ಉಸಿರು ಕಟ್ಟುತ್ತಿತ್ತು. ಮಗು ತೀರಿಕೊಂಡ ಮೇಲೆ ದೇಹವನ್ನು ಕೊಯ್ದು ನೋಡಿದರೆ, ಅನ್ನನಾಳದ ಮೇಲ್ಭಾಗ ಚೀಲದಂತೆ ಮುಚ್ಚಿಕೊಂಡಿತ್ತು. ಕೆಳಭಾಗ ಶ್ವಾಸನಾಳಕ್ಕೆ ಕೂಡಿಕೊಂಡಿತ್ತು.

ಹೀಗೇಕೆ ಆಗುತ್ತದೆ ಎಂಬುದನ್ನು ವಿವರಿಸಿದ್ದು ಮುಂದೆ ಬೆಳೆದ ಭ್ರೂಣಶಾಸ್ತ್ರ. ಗರ್ಭ ಕಟ್ಟಿದ ನಾಲ್ಕನೇ ವಾರದ ಸುಮಾರಿಗೆ ಅನ್ನನಾಳ, ಶ್ವಾಸನಾಳ ಎರಡೂ ಒಂದೇ ಕೊಳವೆಯೊಳಗಿರುತ್ತವೆ. ಬೆನ್ನಿನ ಕಡೆಯ ಭಾಗ ಅನ್ನನಾಳವಾಗಿ, ಎದೆಯ ಕಡೆಯದು ಶ್ವಾಸನಾಳವಾಗಿ ಬೇರ್ಪಡಬೇಕು. ಈ ಪಾಲು ಕೆಟ್ಟರೆ ಗಿಬ್ಸನ್ ಕಂಡಂಥ ದೋಷ ಉಳಿಯುತ್ತದೆ.

1941ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕ್ಯಾಮರಾನ್ ಹೈಟ್ ಹೆಣ್ಣುಮಗುವೊಂದರ ಅನ್ನನಾಳದ ಎರಡು ತುದಿಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದರು. ಮಗು ಬದುಕಿತು. ಅಷ್ಟರಲ್ಲಿ 245 ವರ್ಷ ಕಳೆದಿದ್ದವು.

ದೋಷವಿರುವ ಮಗು ಹುಟ್ಟಿದರೆ ನಮ್ಮಲ್ಲಿ ಇಂದಿಗೂ ತಾಯಿಯನ್ನೇ ಕೇಳುವವರಿದ್ದಾರೆ: ಗ್ರಹಣದ ದಿನ ಹೊರಗೆ ಬಂದಿದ್ದೆಯಾ, ಏನು ತಿಂದೆ? ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣವೆಂದು ಬೊಟ್ಟುಮಾಡಲು ವಿಜ್ಞಾನಕ್ಕೂ ಆಗಿಲ್ಲ. ಆ ಕೊಳವೆ ಎರಡಾಗತೊಡಗುವ ಹೊತ್ತಿಗೆ ತಾನು ಬಸಿರೆಂಬುದೇ ಎಷ್ಟೋ ತಾಯಂದಿರಿಗೆ ತಿಳಿದಿರುವುದಿಲ್ಲ.