ಕೆರೆಯ ಬಂಡಿ ಯಾರು ಹೊಡೀಬೇಕು?

ಯುಗಾದಿಗೆ ಊರಿಗೆ ಹೋದಾಗ ಕೆರೆ ಏರಿಯ ಪಕ್ಕ ಒಂದು ಹೊಸ ಶೆಡ್ ನೋಡಿದೆ. ತಗಡಿನ ಮೇಲ್ಚಾವಣಿ, ಗೋಡೆ ತುಂಬ ಬಣ್ಣದ ಚಿತ್ರ, ಮೇಲೆ ‘ಸ್ವಚ್ಛ ಸಂಕೀರ್ಣ’ ಅಂತ ಬೋರ್ಡು. ಹಸಿ ಕಸ, ಒಣ ಕಸ ಬೇರೆ ಮಾಡೋಕೆ ಪಂಚಾಯ್ತಿ ಕಟ್ಟಿಸಿದ ಜಾಗ. ಬಾಗಿಲಿಗೆ ಬೀಗ. ಬೀಗಕ್ಕೆ ಆಗಲೇ ತುಕ್ಕು.

ಜೊತೆಗಿದ್ದ ಅಜ್ಜ ನಕ್ಕ. “ತಿಪ್ಪೀಗೆ ಬೀಗ ಹಾಕ್ಯಾರ ನೋಡಪ, ಯಾರರ ಕದ್ದಾರು ಅಂತ.”

ನಾನೂ ನಕ್ಕೆ. ಆದರೆ ಬೆಂಗಳೂರಿನ ಬಸ್ಸು ಹತ್ತಿದ ಮೇಲೂ ಆ ಮಾತು ಬಿಡಲಿಲ್ಲ. ಅಜ್ಜನ ಕಾಲದಲ್ಲಿ ತಿಪ್ಪೆ ನಿಜವಾಗಲೂ ಕದಿಯುವಷ್ಟು ಬೆಲೆಯ ಮಾಲು. ಬೇಸಿಗೆ ಬಂದರೆ ಗೊಬ್ಬರ ಹೊಲಕ್ಕೆ, ಕೆರೆ ಒಣಗಿದರೆ ಅದರ ಹೂಳೂ ಹೊಲಕ್ಕೆ. ನಮ್ಮದು ಕೂಡ್ಲಿಗಿ ತಾಲ್ಲೂಕಿನ ಮಳೆ ನಂಬಿದ ಕೆಂಪು ನೆಲ. ಎರಡು ವರ್ಷಕ್ಕೊಮ್ಮೆ ಇಪ್ಪತ್ತು ಬಂಡಿ ಕೆರೆಮಣ್ಣು ಬಿದ್ದರೆ ಶೇಂಗಾ ಬೇರೆ ಥರಾನೇ ಬರ್ತಿತ್ತಂತೆ. ಹೊಲಕ್ಕೆ ಮಣ್ಣು ಸಿಕ್ಕಿತು, ಕೆರೆಗೆ ಆಳ ಸಿಕ್ಕಿತು. ಇವತ್ತು ನಾವು ಸ್ಲೈಡ್ ಹಾಕಿ ‘ಸರ್ಕ್ಯುಲರ್ ಎಕಾನಮಿ’ ಅಂತೀವಲ್ಲ, ಅದು ನಮ್ಮಲ್ಲಿ ಎತ್ತಿನ ಬಂಡಿಯ ಮೇಲೆ ನಡೀತಿತ್ತು.

ಹಾಗಾದರೆ ಕೆಟ್ಟಿದ್ದೆಲ್ಲಿ? ಇದನ್ನು ಹುಡುಕಿಕೊಂಡು ಹೋದರೆ ಸಿಗೋದು ಒಂದು ಉದ್ದನೆಯ ಮೇಂಟೆನೆನ್ಸ್ ಕಥೆ.

ಕರ್ನಾಟಕದ ಹಳೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಕೆರೆಯ ಉಸ್ತುವಾರಿಗೆ ಅಂತ ಬಿಟ್ಟುಕೊಟ್ಟ ಭೂಮಿ ಅದು. ‘ದಶವಂದ’ ಅಂತ ಇನ್ನೊಂದು. ಕೆರೆ ಕಟ್ಟಿಸಿದವರಿಗೆ ಸಲ್ಲುವ ಪಾಲು. ಕೆಲವು ಕಡೆ ‘ಕೆರೆಯ ಬಂಡಿ’ಯ ಮಾತೂ ಇದೆ: ಹೂಳು ಎತ್ತಿ ಏರಿಗೆ ಹಾಕಲು ವರ್ಷವಿಡೀ ಒಂದು ಬಂಡಿ ಓಡಬೇಕು, ಅದರ ಖರ್ಚಿಗೆ ದತ್ತಿ. ಕೆರೆ ಕಟ್ಟೋದು ಒಂದು ಸಲದ ಕೆಲಸ, ಕಾಪಾಡೋದು ದಿನದ ಕೆಲಸ, ದಿನದ ಕೆಲಸಕ್ಕೆ ದಿನದ ದುಡ್ಡು ಬೇಕು ಅನ್ನೋದು ಆ ಜನಕ್ಕೆ ಗೊತ್ತಿತ್ತು. ಅಂದರೆ ಬಜೆಟ್ಟಿನಲ್ಲಿ ಆನ್‌ಕಾಲ್ ಕೂಡ ಸೇರಿತ್ತು.

ಹಾಗಂತ ಅದೊಂದು ಸುವರ್ಣಯುಗ ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಮಣ್ಣು ಹೊತ್ತವರಲ್ಲಿ ಎಷ್ಟೋ ಜನ ಬಿಟ್ಟಿ ಹೊತ್ತವರು. ರಾತ್ರಿ ಮಳೆಯಲ್ಲಿ ತೂಬು ಕಾಯುತ್ತಿದ್ದ ನೀರುಗಂಟಿಯ ಮನೆ ಎಷ್ಟೋ ಕಡೆ ಊರ ಹೊರಗೇ ಇತ್ತು. ವ್ಯವಸ್ಥೆ ನಡೀತಿತ್ತು, ನಿಜ. ಅದರ ಭಾರ ಯಾರ ಹೆಗಲ ಮೇಲಿತ್ತು ಅನ್ನೋದನ್ನೂ ಹೇಳಬೇಕಲ್ಲ.

1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಬಂದ, 1807ರವರೆಗೆ ಇದ್ದು ಕಂದಾಯದ ಲೆಕ್ಕ ಕಟ್ಟಿದ. ರೈತ ಈಗ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟಬೇಕು. ಆಮೇಲಿನ ದಶಕಗಳಲ್ಲಿ ಕೆರೆ ನಿಧಾನಕ್ಕೆ ಊರಿನ ಕೈಯಿಂದ ಸರ್ಕಾರದ ಫೈಲಿಗೆ ಜಾರಿತು. ಜಾರಿದ್ದು ಹಕ್ಕು, ದುಡಿಮೆ ಮಾತ್ರ ಊರಲ್ಲೇ ಉಳಿಯಿತು. 1858ರಲ್ಲಿ ಮದ್ರಾಸ್ ಸರ್ಕಾರ ಒಂದು ಕಾನೂನು ಮಾಡಿತು. ಕೆರೆ ಒಡೆಯೋ ಹಾಗಿದ್ದರೆ ಊರವರನ್ನು ಕಡ್ಡಾಯವಾಗಿ ದುಡಿಸಿಕೊಳ್ಳಬಹುದು. ಹಿಂದೆ ರೂಢಿಯಲ್ಲಿ ನಡೀತಿದ್ದ ಕೆಲಸಕ್ಕೆ ಕಾನೂನಿನ ಬೆದರಿಕೆ ಬೇಕಾಯಿತು ಅಂದರೆ, ಒಳಗೆ ಏನೋ ಆಗಲೇ ಮುರಿದಿತ್ತು ಅಂತಾನೇ ನನ್ನ ಲೆಕ್ಕ. ಇಪ್ಪತ್ತು ವರ್ಷದೊಳಗೆ, 1876-78ರಲ್ಲಿ, ಮಹಾಕ್ಷಾಮ ಬಂತು. ಅದು ಅತಿ ಜೋರಾಗಿ ಹೊಡೆದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

1953ರಲ್ಲಿ ನಾವು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದೆವು. ಅದೇ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೂ ಎದ್ದಿತು. ನೀರು ಬಂತು, ಕರೆಂಟು ಬಂತು. ಸುಮಾರು 90 ಹಳ್ಳಿ ಮುಳುಗಿದವು. ದೊಡ್ಡ ನೀರು ಬಂದ ಮೇಲೆ ಸಣ್ಣ ನೀರಿನ ಕಡೆ ನೋಡುವವರು ಕಡಿಮೆ. ಆಮೇಲೆ ಕೆರೆಗಳನ್ನೂ ಹಂಚಿದರು. 40 ಹೆಕ್ಟೇರ್‌ವರೆಗೆ ನೀರುಣಿಸುವ ಕೆರೆ ಜಿಲ್ಲಾ ಪಂಚಾಯ್ತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಮೀನಿನ ಹರಾಜು ಒಬ್ಬರದು, ಒತ್ತುವರಿ ತೆರವು ಇನ್ನೊಬ್ಬರದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಟಿಕೆಟ್ ಇದೆ, ಅಸೈನೀ ಇಲ್ಲ.

1987 ಒಂದು ಆಸೆಯ ವರ್ಷ. ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಚುನಾವಣೆ ನಡೆಯಿತು. ಅದರ ಹಿಂದಿದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕುಡಿಯೋ ನೀರಿನ ಬೋರು ಹಾಕಿಸಿ ‘ನೀರು ಸಾಬ್’ ಅನಿಸಿಕೊಂಡವರು. ಅದೇ ವರ್ಷ ದೂರದ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಪುಟ್ಟ ಹಳ್ಳಿಯಲ್ಲಿ ಇನ್ನೊಂದು ಪ್ರಯೋಗ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ‘ಅಸ್ತ್ರ’ ತಂಡ ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ದೀಪ, ನಲ್ಲಿಗೆ ನೀರು ಕೊಟ್ಟಿತು. ನನಗೆ ಯಂತ್ರಕ್ಕಿಂತ ಇಷ್ಟವಾಗೋದು ಅದರ ಲೆಕ್ಕ. ಮನೆಯವರು ಸಗಣಿ ತಂದು ಕೊಟ್ಟರೆ ತೂಕಕ್ಕೆ ತಕ್ಕ ದುಡ್ಡು. ಗ್ಯಾಸು ತೆಗೆದು ಉಳಿದ ಗೊಬ್ಬರ ಮತ್ತೆ ಅವರಿಗೇ ವಾಪಸ್ಸು. ನಡೆಸಿದ್ದು ಊರಿನದೇ ಸಭೆ. ಅಜ್ಜನ ತಿಪ್ಪೆಗೆ ಸಂಬಳವೂ ಸೇರಿದ ಹಾಗೆ.

ನಮ್ಮ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಹೊಲಹೊಲಕ್ಕೆ ಬೋರು ಬಂತು. ನಮ್ಮಪ್ಪನೂ ಹಾಕಿಸಿದರು, ಮೂರು ಬೋರು, ಎರಡರಲ್ಲಿ ಬರೀ ದೂಳು. ಮೂರನೆಯದರ ನೀರಿನಲ್ಲೇ ನನ್ನ ಬಿಇ ಫೀಸು ಕಟ್ಟಿದ್ದು. ಹಾಗಾಗಿ ಬೋರಿಗೆ ಬೈಯುವ ಯೋಗ್ಯತೆ ನನಗಿಲ್ಲ. ಆದರೆ ಬೋರು ಬಂದ ವರ್ಷದಿಂದ ನಮ್ಮ ಬಂಡಿ ಕೆರೆಗೆ ಹೋಗಲಿಲ್ಲ. ಕೆರೆ ಕೆಟ್ಟರೆ ನಮಗೇನೂ ನಷ್ಟ ಕಾಣಲಿಲ್ಲ. ಆ ಮೂರನೆಯ ಬೋರು ಬತ್ತಿದಾಗಲೇ, ಕೆಳಗಿನ ನೀರು ಮೇಲಿನ ಕೆರೆಯದ್ದೇ ಅಂತ ಹೊಳೆದದ್ದು.

ಈಗ ಹರಪನಹಳ್ಳಿ, ಹಡಗಲಿ, ಕೊಟ್ಟೂರು ಕಡೆ ಬಸ್ಸಲ್ಲಿ ಹೋದರೆ ಬಯಲಲ್ಲಿ, ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು. ಅದರಲ್ಲೊಂದು ನಿಂತರೆ ರಿಪೇರಿಯವರ ಜೀಪು ಬರುತ್ತದೆ. ಯಾಕೆ? ಅದು ನಿಂತ ಒಂದೊಂದು ಗಂಟೆಯೂ ಯಾರದೋ ಲೆಕ್ಕದಲ್ಲಿ ನಷ್ಟ ಅಂತ ದಾಖಲಾಗುತ್ತದೆ. ಅದರ ಬುಡದಲ್ಲೇ ಇರುವ ಕೆರೆಯ ತೂಬು ಹತ್ತು ವರ್ಷ ಮುರಿದಿದ್ದರೂ ಯಾವ ಜೀಪೂ ಬರೋದಿಲ್ಲ. ನಷ್ಟ ಎಲ್ಲರದ್ದೂ ಆದಾಗ ಅದನ್ನು ಬರೆದಿಡುವ ಪುಸ್ತಕ ಯಾರ ಹತ್ತಿರವೂ ಇರೋದಿಲ್ಲ. ಆ ಪುಸ್ತಕ ಇಡೋಕೆ ಅಂತಲೇ ನಮಗೆ ಪಂಚಾಯ್ತಿ ಇರೋದು.

ಆಗೋದಿಲ್ಲ ಅಂತೇನಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೋಡಿ. ಶತಮಾನಗಳ ಹಿಂದೆ ಕಟ್ಟಿದ ಊರಕೆರೆ, ಸುಮಾರು 99 ಹೆಕ್ಟೇರ್. ತುಂಗಭದ್ರೆಯ ಹಿನ್ನೀರು ತಂದು ತುಂಬಿಸಿದ ಮೇಲೆ ಕೆರೆಯೊಳಗಿನ ಜಾಲಿ ಮರಗಳಲ್ಲಿ ಹಕ್ಕಿ ಗೂಡು ಕಟ್ಟಿದವು, ಊರವರು ಕಾದರು. 2017ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ, 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ. ಯಾವನೋ ಹಳ್ಳಿಗ ಒಂದು ಕಾಲದಲ್ಲಿ ಗದ್ದೆಗೆ ಅಂತ ಕಟ್ಟಿದ ಏರಿ ಇವತ್ತು ರಂಗನತಿಟ್ಟಿನ ಸಾಲಿನಲ್ಲಿ ನಿಂತಿದೆ. ಹಾಗೇ ಎಷ್ಟೋ ಪಂಚಾಯ್ತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಡ್ರೈವಿಂಗ್ ಕಲಿತು ಕಸದ ‘ಸ್ವಚ್ಛ ವಾಹಿನಿ’ ಓಡಿಸುತ್ತಿದ್ದಾರೆ. ಕಾಯೋರು ಇದ್ದಲ್ಲಿ ನಡೆಯುತ್ತದೆ.

ಮೊನ್ನೆ ಊರಿಗೆ ಫೋನ್ ಮಾಡಿ ಶೆಡ್ಡಿನ ಕಥೆ ಕೇಳಿದೆ. ಕಟ್ಟೋಕೆ ದುಡ್ಡು ಬಂದಿತ್ತಂತೆ. ಕಸ ಆರಿಸೋ ಇಬ್ಬರು ಅಕ್ಕಂದಿರಿಗೆ ನಾಲ್ಕು ತಿಂಗಳು ಕೊಟ್ಟರು, ಆಮೇಲೆ ಕೊಡಲಿಲ್ಲ. ಅವರು ಬಿಟ್ಟರು, ಬೀಗ ಬಿತ್ತು. ಇಷ್ಟೇ. ಬಿತ್ತುವಟ್ಟ ಇಲ್ಲದ ಕೆರೆ ಅದು. ಹಿಂದಿನ ಥರ ಬಿಟ್ಟಿ ದುಡಿಸೋಕೆ ಈಗ ಯಾರೂ ಸಿಗೋದಿಲ್ಲ, ಸಿಗಲೂಬಾರದು.

ಮುಂದಿನ ಗ್ರಾಮಸಭೆಗೆ ಒಂದು ದಿನ ರಜೆ ಹಾಕಿದ್ದೀನಿ. ಹೊಸದೇನು ತರ್ತೀರಿ ಅಂತ ಕೇಳೋದಿಲ್ಲ. ಆ ಇಬ್ಬರ ಸಂಬಳ ಯಾವ ಹೆಡ್ಡಿನಲ್ಲಿದೆ, ಅಷ್ಟೇ ಕೇಳೋದು. ನಿಮ್ಮ ಹೆಸರೂ ಯಾವುದಾದರೂ ಊರಿನ ಮತದಾರರ ಪಟ್ಟಿಯಲ್ಲಿ ಇನ್ನೂ ಇದ್ದರೆ, ನೀವೂ ಒಂದು ಸಲ ಹೋಗಿ ಕೇಳಿ. ಅಜ್ಜನಿಗೆ ಹೇಳಿದೆ. “ಹೋಗಿ ಬಾರಪ,” ಅಂದ, “ಆದ್ರ ಕೀಲಿಕೈ ಯಾರ ಕಡಿ ಐತಿ ಅಂತ ಮೊದ್ಲು ಕೇಳು.”