ಮಿದುಳಿನ ಲಿಂಫೋಮಾ: ಎರಡು ಔಷಧಗಳ ಇತಿಹಾಸ

ಲಿಂಫೋಮಾ ಎಂದರೆ ಲಿಂಫೊಸೈಟ್ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳುಗಳ ಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಈ ರೋಗ ಅಪರೂಪಕ್ಕೆ ಮಿದುಳಿನಲ್ಲಿಯೇ ಹುಟ್ಟುವುದುಂಟು. ಬಹ್ರೈನಿನಲ್ಲಿ ನೆಲೆಸಿರುವ ನಮ್ಮ ಕುಟುಂಬವೊಂದಕ್ಕೆ ಇದು ಎದುರಾದರೆ ಎರಡು ಪ್ರಶ್ನೆಗಳು ಏಳುತ್ತವೆ: ಚಿಕಿತ್ಸೆ ಇಲ್ಲಿಯೋ, ಊರಿನಲ್ಲಿಯೋ? ಕಿಮೋಥೆರಪಿಯೊಂದಿಗೆ ದುಬಾರಿಯಾದ ಪ್ರತಿಕಾಯ ಔಷಧವೂ ಬೇಕೇ? ಇವೆರಡಕ್ಕೂ ಔಷಧಗಳ ಇತಿಹಾಸವೇ ದಾರಿ ತೋರಿಸುತ್ತದೆ.

ರಕ್ತದಲ್ಲಿರುವ ಬಹುತೇಕ ಔಷಧಗಳನ್ನು ಮಿದುಳಿನೊಳಗೆ ಬಿಡದ ತಡೆಗೋಡೆಯೊಂದು ನಮ್ಮ ದೇಹದಲ್ಲಿದೆ. ಆದ್ದರಿಂದ ಹಿಂದೆ ಇಡೀ ಮಿದುಳಿಗೆ ವಿಕಿರಣ ನೀಡುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ರೋಗ ಮರುಕಳಿಸುತ್ತಿತ್ತು, ಬದುಕುಳಿದ ಹಿರಿಯರಲ್ಲಿ ಹಲವರ ನೆನಪಿನ ಶಕ್ತಿ ಕುಂದುತ್ತಿತ್ತು. ಈ ಗೋಡೆಯನ್ನು ದಾಟಿದ್ದು ಮೆಥೊಟ್ರೆಕ್ಸೇಟ್. ಫೋಲಿಕ್ ಆಮ್ಲಕ್ಕೆ ಎದುರಾಗಿ ಕೆಲಸ ಮಾಡುವ ಇಂಥ ಔಷಧಗಳನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಈ ವರ್ಗದ ಅಮಿನೊಪ್ಟೆರಿನ್‌ನಿಂದ ರಕ್ತಕ್ಯಾನ್ಸರಿನ ಮಕ್ಕಳಲ್ಲಿ ತಾತ್ಕಾಲಿಕ ಗುಣ ಕಂಡರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಮುಂದೆ ಮೆಥೊಟ್ರೆಕ್ಸೇಟನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಬಳಿಕ ಲ್ಯುಕೊವೊರಿನ್‌ನಿಂದ ದೇಹವನ್ನು ಕಾಪಾಡುವ ವಿಧಾನ ರೂಢಿಗೆ ಬಂದಿತು.

ಪ್ರತಿಕಾಯದ ಹಾದಿ ಬೇರೆ. 1975ರಲ್ಲಿ ಕೇಂಬ್ರಿಜ್‌ನ ಕೋಹ್ಲರ್ ಮತ್ತು ಮಿಲ್ಸ್ಟೈನ್ ಒಂದೇ ಬಗೆಯ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಲಿಂಫೋಮಾ ಕಣಗಳಿಗೆ ಅಂಟಿಕೊಳ್ಳುವ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಅದರ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿತು. ಆದರೆ ಇದರ ಅಣು ಮೆಥೊಟ್ರೆಕ್ಸೇಟ್‌ಗಿಂತ ಸುಮಾರು ಮುನ್ನೂರು ಪಟ್ಟು ಭಾರ. ಮಿದುಳಿನ ದ್ರವವನ್ನು ತಲಪುವುದು ಅತ್ಯಲ್ಪ. ಗಡ್ಡೆಯಿರುವಲ್ಲಿ ಗೋಡೆ ಸಡಿಲವಾಗಿರುವುದೇ ವೈದ್ಯರ ಭರವಸೆ.

ಆ ಭರವಸೆಯನ್ನು ಎರಡು ದೊಡ್ಡ ಅಧ್ಯಯನಗಳು ಪರೀಕ್ಷಿಸಿದವು. 2016ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಮೆಥೊಟ್ರೆಕ್ಸೇಟ್ ಮತ್ತು ಸೈಟರಾಬಿನ್ ಪಡೆದವರಲ್ಲಿ ಶೇ. 23 ಮಂದಿಯ ಗಡ್ಡೆ ಪೂರ್ಣ ಮಾಯವಾಯಿತು. ರಿಟುಕ್ಸಿಮ್ಯಾಬ್ ಸೇರಿದಾಗ ಶೇ. 30, ಥಯೊಟೆಪವೂ ಸೇರಿದಾಗ ಶೇ. 49. ಆದರೆ 2019ರ ಅಧ್ಯಯನದಲ್ಲಿ, ಬೇರೊಂದು ಕಿಮೋಥೆರಪಿಗೆ ರಿಟುಕ್ಸಿಮ್ಯಾಬ್ ಸೇರಿಸಿದರೂ ಸ್ಪಷ್ಟ ಲಾಭ ಕಾಣಲಿಲ್ಲ. ಇಂದಿಗೂ ಅನೇಕ ತಜ್ಞರು ಅದನ್ನು ಸೇರಿಸುತ್ತಾರೆ. ಚಿಕಿತ್ಸೆಯ ಆಧಾರಸ್ತಂಭ ಮಾತ್ರ ಮೆಥೊಟ್ರೆಕ್ಸೇಟೇ.

ಹೀಗಾಗಿ, ಮುಹರ್ರಕ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಆಸ್ಪತ್ರೆಯವರನ್ನು ಮೊದಲು ಕೇಳಬೇಕಾದದ್ದು ಇದು: ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಮಟ್ಟವನ್ನು ಪ್ರತಿದಿನ ಅಳೆಯುವ, ಮೂತ್ರಪಿಂಡಗಳನ್ನು ಕಾಯುವ ವ್ಯವಸ್ಥೆ ಇಲ್ಲಿದೆಯೇ? ರಿಟುಕ್ಸಿಮ್ಯಾಬ್ ಕೊಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ? ಇನ್ನೊಂದು ಮಾತು: ಸ್ಟೀರಾಯ್ಡ್ ಕೊಟ್ಟೊಡನೆ ಗಡ್ಡೆ ಕೆಲಕಾಲ ಕುಗ್ಗಿ, ಬಯಾಪ್ಸಿಯಲ್ಲಿ ರೋಗ ಪತ್ತೆಯಾಗದೆ ಹೋಗಬಹುದು. ತುರ್ತು ಇಲ್ಲದಿದ್ದರೆ ಬಯಾಪ್ಸಿಯೇ ಮೊದಲು. ಪ್ರತಿಕಾಯದ ಹಣ ಹೊಂದಿಸಲಾಗಲಿಲ್ಲವೆಂದು ಕೊರಗಿ ಯಾರೂ ಮೂಲ ಚಿಕಿತ್ಸೆಯನ್ನು ತಡಮಾಡಬಾರದೆಂಬುದು ನಮ್ಮ ವಿನಂತಿ.